ಕಟ್ಟಿದ ಖರ್ಚು ಒಂದು, ಕೊಳ್ಳುವವನು ಕೊಡೋ ದುಡ್ಡು ಇನ್ನೊಂದು

ಮನೆಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಬ್ಯಾಂಕ್ ಸಾಲಕ್ಕೆ, ಅಣ್ಣತಮ್ಮಂದಿರ ಪಾಲಿಗೆ, ತೆರಿಗೆ ಲೆಕ್ಕಕ್ಕೆ, ಕೋರ್ಟ್ ಕೇಸಿಗೆ ಅಂತ ಮೈಸೂರು ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ರಿಪೋರ್ಟು ಬರೆಯುತ್ತೇನೆ. ಅಳತೆ ಮುಗಿಸಿ ಟೇಪು ಸುತ್ತುವಷ್ಟರಲ್ಲಿ ಮನೆಯವರಿಂದ ಆ ಪ್ರಶ್ನೆ ಬಂದೇ ಬರುತ್ತದೆ: "ನಮ್ಮನೆ ಎಷ್ಟು ಬಾಳುತ್ತೆ ಸಾರ್?" ನಾನು "ಯಾತಕ್ಕೆ ಬೇಕಿತ್ತು?" ಅಂತ ಕೇಳಿದರೆ ಮುಖ ಸಪ್ಪಗಾಗುತ್ತದೆ. ಬೆಲೆ ಕೇಳಿದರೆ ಯಾತಕ್ಕೆ ಅಂತಾನಲ್ಲ, ಇವನೇನು ಆಳು ನೋಡಿ ರೇಟು ಹೇಳೋನಾ ಅನ್ನೋ ಅನುಮಾನ. ಆದರೆ ಆ ಪ್ರಶ್ನೆ ಕೇಳದೆ ಉತ್ತರ ಹೇಳುವುದಕ್ಕೆ ಆಗುವುದಿಲ್ಲ. ಒಂದೇ ಮನೆಗೆ ನಾನು 48 ಲಕ್ಷ ಅಂತಲೂ ಬರೆಯಬಹುದು, ಒಂದೂಕಾಲು ಕೋಟಿ ಅಂತಲೂ ಬರೆಯಬಹುದು. ಎರಡೂ ಸುಳ್ಳಲ್ಲ.

ದಾರಿಗಳು ಮುಖ್ಯವಾಗಿ ಮೂರು. ಇವತ್ತು ಇದನ್ನು ಕಟ್ಟಲು ಎಷ್ಟಾಗುತ್ತದೆ ಅಂತ ನೋಡುವುದು, ಇಂಥದ್ದು ಅಕ್ಕಪಕ್ಕ ಎಷ್ಟಕ್ಕೆ ಮಾರಾಟ ಆಯಿತು ಅಂತ ನೋಡುವುದು, ಬಾಡಿಗೆ ಎಷ್ಟು ಬರುತ್ತದೆ ಅಂತ ನೋಡಿ ಹಿಂದಕ್ಕೆ ಲೆಕ್ಕ ಹಾಕುವುದು. ಮೂರನೆಯದು ಅಂಗಡಿ, ಆಫೀಸುಗಳಿಗೆ ಸರಿ. ನಮ್ಮ ಕಡೆ ಬಾಡಿಗೆ ನೋಡಿಕೊಂಡು ವಾಸದ ಮನೆ ಕೊಳ್ಳುವವರು ಕಡಿಮೆ, ಹಾಗಾಗಿ ಅದನ್ನು ಬಿಟ್ಟುಬಿಡೋಣ. ಜಗಳ ಇರೋದು ಮೊದಲೆರಡರ ನಡುವೆ.

ಮತ್ತೆ ನಮ್ಮಲ್ಲಿ ಬರುವ ರಿಪೋರ್ಟುಗಳಲ್ಲಿ ಬಹುಪಾಲು ಇವೆರಡನ್ನೂ ಕಲಸಿದ ಚಿತ್ರಾನ್ನ. ಜಾಗಕ್ಕೆ ಮಾರ್ಕೆಟ್ ರೇಟು, ಕಟ್ಟಡಕ್ಕೆ ಕಟ್ಟುವ ಖರ್ಚು, ಎರಡನ್ನೂ ಕೂಡಿಸಿ ಕೆಳಗೆ ಗೆರೆ ಎಳೆದರೆ ಆಯಿತು. ಬ್ಯಾಂಕಿನ ಫಾರ್ಮು ಕೂಡ ಹಾಗೇ ಇದೆ. ಎ ಭಾಗ ಜಾಗ, ಬಿ ಭಾಗ ಕಟ್ಟಡ, ಸಿ ಭಾಗ ಪೋರ್ಟಿಕೊ, ಕೆತ್ತನೆಯ ಮುಂಬಾಗಿಲು, ಓವರ್‌ಹೆಡ್ ಟ್ಯಾಂಕು, ಕಬ್ಬಿಣದ ಗೇಟು. ಡಿ ಭಾಗದಲ್ಲಿ ವಾರ್ಡ್‌ರೋಬು, ಮಾರ್ಬಲ್ಲು. ಇ ಭಾಗದಲ್ಲಿ ಸಂಪು, ಹಿತ್ತಲ ಗಿಡಮರ. ಎಫ್ ಭಾಗದಲ್ಲಿ ಕಾಂಪೌಂಡು, ಒಳಚರಂಡಿ, ಕರೆಂಟಿನ ಡೆಪಾಸಿಟ್ಟು. ಯಜಮಾನರು ಪಕ್ಕದಲ್ಲೇ ನಿಂತು "ಆ ತೆಂಗಿನಮರ ಬರ್ಕೊಂಡ್ರಾ?" ಅಂತ ಕೇಳುತ್ತಾರೆ. ಬರೆದುಕೊಳ್ಳುತ್ತೇನೆ. ಮನೆ ಕೊಳ್ಳಲು ಬರುವವನು ಮಾತ್ರ ಸುಮ್ನೆ ಒಂದು ಸಲ ಒಳಗೆ ಸುತ್ತಾಡಿ, ನಲ್ಲಿ ತಿರುಗಿಸಿ ನೋಡಿ, ಕಾರು ಒಳಗೆ ಬರುತ್ತಾ ಅಂತ ಕೇಳಿ, ಮನೆಗೆ ಒಟ್ಟಾಗಿ ಒಂದೇ ರೇಟು ಹೇಳುತ್ತಾನೆ. ಎ ಭಾಗ, ಎಫ್ ಭಾಗ ಯಾವುದೂ ಅವನ ತಲೆಯಲ್ಲಿ ಇರುವುದಿಲ್ಲ.

ಕಟ್ಟುವ ಖರ್ಚಿನ ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹೇಳಿಬಿಡುತ್ತೇನೆ. 1998ರಲ್ಲಿ ಯಾರೋ ಒಬ್ಬರು 12 ಚದರದ, ಅಂದರೆ 1,200 ಚದರ ಅಡಿಯ ಮನೆ ಕಟ್ಟಿಸಿದರು ಅಂದುಕೊಳ್ಳಿ, ಆಗ ಆರು ಲಕ್ಷ ಆಯಿತು. ಈಗ ಅದೇ ಮನೆ ಕಟ್ಟಲು ಚದರ ಅಡಿಗೆ 2,200 ಹಿಡಿದರೆ 26.4 ಲಕ್ಷ. ಗೋಡೆಯ ಮೇಲೆ ಭಾರ ನಿಂತ ಮನೆಗೆ ಆಯಸ್ಸು 60 ವರ್ಷ ಅಂತಲೂ, ಕೊನೆಗೆ ಕಲ್ಲು ಕಬ್ಬಿಣ ಮರ ಅಂತ ಶೇ. 10 ಉಳಿಯುತ್ತದೆ ಅಂತಲೂ ಹಿಡಿಯುವುದು ರೂಢಿ. 27 ವರ್ಷ ಆಗಿದೆ ಅಂದರೆ ಸವಕಳಿ, ಅಂದರೆ ಹಳೆಯದಾಗಿ ಕಳೆದ ಬೆಲೆ, ವರ್ಷಕ್ಕೆ ಶೇ. 1.5ರಂತೆ ಶೇ. 40.5. ಉಳಿದದ್ದು ಸುಮಾರು 15.7 ಲಕ್ಷ. ಗಮನಿಸಿ, ತಾರಸಿ ಸೋರುತ್ತಿದೆ, ವೈರಿಂಗ್ ಹಳೆಯದಾಗಿದೆ, ಬಚ್ಚಲಿನ ಪೈಪಿಗೆ ತುಕ್ಕು ಹಿಡಿದಿದೆ, ಆದರೂ ಆರು ಲಕ್ಷದ ಮನೆ ಕಾಗದದ ಮೇಲೆ 15.7 ಲಕ್ಷ ಆಗಿ ಬೆಳೆದಿದೆ. ಬೆಳೆದದ್ದು ಮನೆಯಲ್ಲ, ಸಿಮೆಂಟು, ಕಬ್ಬಿಣ ಮತ್ತು ಗಾರೆ ಕೆಲಸದವರ ಕೂಲಿ. ಕಟ್ಟುವ ದರಕ್ಕೆ ಲೋಕೋಪಯೋಗಿ ಇಲಾಖೆಯ ಎಸ್.ಆರ್. ದರಪಟ್ಟಿಯನ್ನೋ ಕೇಂದ್ರ ಲೋಕೋಪಯೋಗಿ ಇಲಾಖೆಯ (ಸಿಪಿಡಬ್ಲ್ಯುಡಿ) ಪ್ಲಿಂತ್ ಏರಿಯಾ ದರವನ್ನೋ ಆಧಾರ ಹಿಡಿದು, ಊರಿನ ಮೇಸ್ತ್ರಿಗಳು ಏನು ಕೇಳುತ್ತಿದ್ದಾರೆ ಅಂತ ಹೊಂದಿಸಿಕೊಳ್ಳುತ್ತೇವೆ. ಲೆಕ್ಕ ಶಿಸ್ತಾಗಿ ಕಾಣುತ್ತದೆ, ಆಡಿಟ್‌ನವರಿಗೂ ಇಷ್ಟ. ಮಾರಾಟಕ್ಕೆ ಇಟ್ಟರೆ ಈ 15.7 ಲಕ್ಷ ಯಾರು ಕೊಡುತ್ತಾರೆ ಅನ್ನೋ ಪ್ರಶ್ನೆ ಮಾತ್ರ ಅದರಲ್ಲಿ ಎಲ್ಲೂ ಬರುವುದಿಲ್ಲ.

ಈಗ ಮೈಸೂರಿನ ಸರಸ್ವತಿಪುರ, ಒಂಟಿಕೊಪ್ಪಲಿನಂಥ ಹಳೇ ಬಡಾವಣೆಗೆ ಬನ್ನಿ. 40×60 ಸೈಟು, ನಡುವೆ 15 ಚದರದ ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಮದ್ರಾಸ್ ತಾರಸಿ, ತೇಗದ ಬಾಗಿಲು, ಮುಂದೆ ಪಾರಿಜಾತ. ಲೆಕ್ಕಕ್ಕೆ ಸುಲಭವಾಗಲಿ, ಜಾಗ ಅಡಿಗೆ 10,000 ಅಂತ ಇಟ್ಟುಕೊಳ್ಳೋಣ, 2.4 ಕೋಟಿ. ಮನೆಯನ್ನು ಅದೇ 2,200ರ ದರದಲ್ಲಿ ಕಟ್ಟಲು 33 ಲಕ್ಷ, ಅದಕ್ಕೆ 50 ವರ್ಷ, ಸವಕಳಿ ಶೇ. 75, ಉಳಿದದ್ದು 8.25 ಲಕ್ಷ. ಒಟ್ಟು 2.48 ಕೋಟಿ ಅಂತ ಫಾರ್ಮು ಹೇಳುತ್ತದೆ. ಕೊಳ್ಳಲು ಬಂದವನು ಬಿಲ್ಡರ್. ಅವನ ಕಣ್ಣಿಗೆ ಅಲ್ಲಿ ಮನೆಯೇ ಇಲ್ಲ. ಒಡೆಸಬೇಕು, ಡೆಬ್ರಿಸ್ ಸಾಗಿಸಬೇಕು, ಬಾಡಿಗೆಯವರು ಇದ್ದರೆ ಬಿಡಿಸಬೇಕು. 2.4 ಕೋಟಿಯಲ್ಲೇ ಚೌಕಾಸಿ ಶುರು ಮಾಡುತ್ತಾನೆ. ಒಡೆಯುವ ಗುತ್ತಿಗೆದಾರ ಬಂದು ಮೊದಲು ನೋಡುವುದು ಬಾಗಿಲು, ಕಿಟಕಿ, ತೊಲೆ. ಬೆರಳಿನಿಂದ ತಟ್ಟಿ, ಉಗುರಿನಿಂದ ಬಣ್ಣ ಕೆರೆದು ಅದು ತೇಗವೋ ಹೊನ್ನೆಯೋ ಅಂತ ಹೇಳುತ್ತಾನೆ. ತೇಗ ಸಾಕಷ್ಟಿದ್ದರೆ ಅವನೇ ಒಡೆಯನಿಗೆ ದುಡ್ಡು ಕೊಟ್ಟು ಒಡೆದುಕೊಂಡು ಹೋಗುತ್ತಾನೆ, ಬರೀ ಇಟ್ಟಿಗೆ ಗಾರೆ ಇದ್ದರೆ ಒಡೆಯನಿಂದಲೇ ದುಡ್ಡು ಕೇಳುತ್ತಾನೆ. 8.25 ಲಕ್ಷದ ಕಟ್ಟಡದ ನಿಜವಾದ ಬೆಲೆ ಅಲ್ಲಿ ಗೊತ್ತಾಗುತ್ತದೆ. ಅದೇ ಮನೆಗೆ, ಹಳೇ ಮನೆಯೇ ಬೇಕು, ಒಡೆಯಲ್ಲ ಅನ್ನುವ ಒಬ್ಬ ಡಾಕ್ಟರೋ ಕೆಫೆ ತೆರೆಯುವವರೋ ಸಿಕ್ಕರೆ ಕಥೆ ತಿರುಗುತ್ತದೆ, ರೆಡ್ ಆಕ್ಸೈಡ್ ನೆಲಕ್ಕೇ ಜಾಸ್ತಿ ಕೊಡುತ್ತಾರೆ. ಸಿಗುವುದು ಅಪರೂಪ, ಆದರೆ ಸಿಕ್ಕರೆ ಅದೂ ಮಾರ್ಕೆಟ್ಟೇ.

ಇದರ ಉಲ್ಟಾ ಊರುಗಳಲ್ಲಿ ಇದೆ. ಮಗ ಅಮೆರಿಕದಲ್ಲೋ ದುಬೈನಲ್ಲೋ ಇರುತ್ತಾನೆ, ಅಪ್ಪ ಅಮ್ಮ ಚೆನ್ನಾಗಿರಲಿ ಅಂತ ಹಳ್ಳಿಯಲ್ಲಿ ಒಂದೂವರೆ ಕೋಟಿ ಸುರಿದು ಡ್ಯುಪ್ಲೆಕ್ಸ್ ಕಟ್ಟಿಸುತ್ತಾನೆ. ಗ್ರಾನೈಟು, ತೇಗದ ಮೆಟ್ಟಿಲು, ಹೋಂ ಥಿಯೇಟರು, ನಾಲ್ಕು ಅಟ್ಯಾಚ್ಡ್ ಬಾತ್‌ರೂಮು. ಬಿಲ್ಲು ಎಲ್ಲ ಇಟ್ಟಿರುತ್ತಾರೆ, ಕೆಲಸವೂ ಅಚ್ಚುಕಟ್ಟು. ಕಟ್ಟಡ ಹೊಸದು, ಸವಕಳಿ ಇಲ್ಲ, ಖರ್ಚಿನ ಲೆಕ್ಕದಲ್ಲಿ ಒಂದೂವರೆ ಕೋಟಿ. ಆದರೆ ಆ ಹಳ್ಳಿಯಲ್ಲಿ ಒಂದೂವರೆ ಕೋಟಿ ಇರುವವರು ಮೈಸೂರಿನಲ್ಲಿ ಮನೆ ಮಾಡುತ್ತಾರೆ, ಮೈಸೂರಿನವರು ಆ ಹಳ್ಳಿಗೆ ಬರುವುದಿಲ್ಲ. ಅರ್ಧಕ್ಕೂ ಗಿರಾಕಿ ಹುಟ್ಟುವುದು ಕಷ್ಟ. ಇಂಥ ಮನೆಗೆ ಖರ್ಚಿನ ಲೆಕ್ಕದ ಮೇಲೆ ಬ್ಯಾಂಕು ಸಾಲ ಕೊಟ್ಟುಬಿಟ್ಟರೆ ಮುಂದೆ ತೊಂದರೆ. ಗೃಹಸಾಲಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ, 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, 75 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75. ಬೆಲೆಯೇ ಉಬ್ಬಿದ್ದರೆ ಈ ಮಿತಿಗೆ ಅರ್ಥ ಏನು ಉಳಿಯಿತು? ಕಂತು ನಿಂತು, ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕು ಮಾರಿಕೊಳ್ಳುವ ಸರ್ಫೇಸಿ ಕಾನೂನಿನಲ್ಲಿ ಮನೆ ಹರಾಜಿಗೆ ಬಂದಾಗ ಮೊದಲ ಸುತ್ತಿನಲ್ಲಿ ಒಬ್ಬರೂ ಬಿಡ್ ಹಾಕುವುದಿಲ್ಲ. ಕನಿಷ್ಠ ಬೆಲೆ ಇಳಿಸುತ್ತಾರೆ. ಮತ್ತೆ ಇಳಿಸುತ್ತಾರೆ. ಹೀಗಾಗಿ ನಾನು ಇಂಥ ಕಡೆ ಖರ್ಚಿನ ಲೆಕ್ಕ ಒಂದು ಸಾಲಿನಲ್ಲಿ ತೋರಿಸಿ, ಮಾರಿದರೆ ಬರಬಹುದಾದದ್ದು ಇಷ್ಟು ಅಂತ ಕೆಳಗೆ ಬೇರೆಯಾಗಿ ಬರೆಯುತ್ತೇನೆ. ಯಜಮಾನರಿಗೆ ಕೋಪ ಬರುತ್ತದೆ, ಬರಲಿ.

ಖರ್ಚಿನ ಲೆಕ್ಕಕ್ಕೆ ಕಾಣದ ವಿಷಯಗಳು ಇನ್ನೂ ಇವೆ. ದಕ್ಷಿಣದ ಬಾಗಿಲಿನ ಮನೆಗೂ ಪೂರ್ವದ ಬಾಗಿಲಿನ ಮನೆಗೂ ಹೋಗುವ ಸಿಮೆಂಟು ಒಂದೇ, ಆದರೆ ಮಾರುವಾಗ ದಕ್ಷಿಣದ ಮನೆ ತಿಂಗಳುಗಟ್ಟಲೆ ನಿಲ್ಲುತ್ತದೆ. ರಸ್ತೆ ನೇರ ಬಂದು ಗೇಟಿಗೆ ಗುದ್ದುವ ಸೈಟನ್ನು ನೋಡಿದ ತಕ್ಷಣ ಅಮ್ಮಂದಿರು ಕಾರಿನಿಂದ ಇಳಿಯುವುದೇ ಇಲ್ಲ. ನನಗೆ ವಾಸ್ತುವಿನಲ್ಲಿ ನಂಬಿಕೆ ಇದೆಯೋ ಇಲ್ಲವೋ ಅದು ಬೇರೆ, ಕೊಳ್ಳುವವರಿಗೆ ಇದೆ. ಬಿ ಖಾತಾ, ಅಂದರೆ ಕಾಗದಪತ್ರದಲ್ಲಿ ಕೊರತೆ ಇರುವ ಆಸ್ತಿಯ ಖಾತೆ, ಇನ್ನೊಂದು. ಬೆಂಗಳೂರಿನಲ್ಲಿ ಪಕ್ಕಪಕ್ಕದ ಎರಡು ಸೈಟುಗಳಲ್ಲಿ ಒಂದೇ ಥರದ ಮನೆ, ಒಂದು ಎ ಖಾತಾ, ಒಂದು ಬಿ ಖಾತಾ ಅಂದರೆ ಬೆಲೆ ಬೇರೆ, ಸಾಲ ಸಿಗುವ ಮಾತು ಬೇರೆ. ಇಟ್ಟಿಗೆ ಎಣಿಸಿದರೆ ಇದು ತಿಳಿಯುತ್ತದಾ?

ಹಾಗಾದರೆ ಮಾರ್ಕೆಟ್ ಬೆಲೆಯನ್ನೇ ಹಿಡಿಯಿರಿ, ಮುಗಿಯಿತಲ್ಲ ಅನ್ನಬಹುದು. ಹಿಡಿಯೋಣ, ಆದರೆ ಎಲ್ಲಿಂದ ಹಿಡಿಯುವುದು? ಅಕ್ಕಪಕ್ಕದ ಕ್ರಯಪತ್ರ ತೆಗೆಸಿದರೆ ಅದರಲ್ಲಿ ಇರುವುದು ಬಹಳ ಸಲ ಸರ್ಕಾರ ಗೊತ್ತು ಮಾಡಿದ ಗೈಡೆನ್ಸ್ ವ್ಯಾಲ್ಯೂ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಉಳಿದದ್ದು ಚೀಲದಲ್ಲಿ ಹೋಗಿದೆ. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತಗೊಂಡರೆ ಅಷ್ಟೇ ಮೊತ್ತದ ದಂಡ ಹಾಕುವ ನಿಯಮ 2015ರಿಂದ ಇದೆ, ಆದರೂ ಹೋಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ ಮೇಲೆ ಪತ್ರದಲ್ಲಿ ಕಡಿಮೆ ತೋರಿಸುವ ಆಸೆ ಇನ್ನಷ್ಟು ಹೆಚ್ಚಿದೆ ಅಂತ ನನ್ನ ಅಂದಾಜು. ಇನ್ನು ಜಾಹೀರಾತುಗಳಲ್ಲಿ ಇರುವುದು ಮಾರುವವನ ಆಸೆ, ಬ್ರೋಕರ್ ಬಾಯಲ್ಲಿ ಇರುವುದು ಅವನ ಕಮಿಷನ್ನು. ಮೂರು ಬ್ರೋಕರ್‌ಗಳಿಗೆ ಒಮ್ಮೆ ಕೊಳ್ಳುವವನ ಥರ, ಒಮ್ಮೆ ಮಾರುವವನ ಥರ ಫೋನ್ ಮಾಡಿ ನೋಡಿ, ಒಂದೇ ಬೀದಿಗೆ ಎರಡು ರೇಟು ಹೇಳುತ್ತಾರೆ. ಎರಡರ ನಡುವೆ ಎಲ್ಲೋ ಸತ್ಯ ಇರುತ್ತದೆ.

ಗೈಡೆನ್ಸ್ ವ್ಯಾಲ್ಯೂ ಅಂದೆನಲ್ಲ, ಅದನ್ನೇ ಮಾರ್ಕೆಟ್ ಬೆಲೆ ಅಂತ ತಿಳಿದವರು ತುಂಬಾ ಜನ. ಅದು ಮುದ್ರಾಂಕ ಶುಲ್ಕ ವಸೂಲಿಗೆ ಸರ್ಕಾರ ಹಾಕಿದ ತಳಗೆರೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಹೊಸ ದರ ಬಂತು, ಅದಕ್ಕೆ ಮುಂಚೆ ಎಷ್ಟೋ ಕಡೆ ನಿಜವಾದ ಬೆಲೆಯ ಹತ್ತಿರಕ್ಕೂ ಇರಲಿಲ್ಲ. ಈಗ ಕೆಲವು ಬಡಾವಣೆಗಳಲ್ಲಿ ಗಿರಾಕಿ ಕೊಡುವುದಕ್ಕಿಂತ ಗೈಡೆನ್ಸ್ ವ್ಯಾಲ್ಯೂನೇ ಜಾಸ್ತಿ. ಅಂಥಲ್ಲಿ ಮಾರುವವರಿಗೆ ಪೆಟ್ಟು ಬೀಳುತ್ತದೆ, ಯಾಕೆಂದರೆ ಮಾರಿದ ಬೆಲೆಗಿಂತ ಗೈಡೆನ್ಸ್ ವ್ಯಾಲ್ಯೂ ಶೇ. 10ಕ್ಕಿಂತ ಹೆಚ್ಚಿದ್ದರೆ ಆದಾಯ ತೆರಿಗೆಯವರು ಗೈಡೆನ್ಸ್ ವ್ಯಾಲ್ಯೂಗೇ ಮಾರಿದ್ದೀರಿ ಅಂತ ಲೆಕ್ಕ ಹಿಡಿಯುತ್ತಾರೆ. ಒಪ್ಪದಿದ್ದರೆ ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳಿಸಿ ಅಂತ ಕೇಳುವ ದಾರಿ ಕಾನೂನಿನಲ್ಲೇ ಇದೆ, ಬಹಳ ಜನ ಕೇಳುವುದೇ ಇಲ್ಲ. ಯಾವ ಲೆಕ್ಕ ಹಿಡಿಯುತ್ತೀರಿ ಅನ್ನುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನೋಡಬೇಕಾದರೆ ಬೆಂಗಳೂರು ಅರಮನೆ ಮೈದಾನ ನೋಡಿ. ಅದನ್ನು ಸರ್ಕಾರ ವಶಕ್ಕೆ ತಗೊಳ್ಳಲು ಮಾಡಿದ 1996ರ ಕಾಯಿದೆ 472 ಎಕರೆ 16 ಗುಂಟೆಗೆ 11 ಕೋಟಿ ರೂಪಾಯಿ ನಿಗದಿ ಮಾಡಿತ್ತು. ರಸ್ತೆ ಅಗಲ ಮಾಡಲು ಬೇಕಾದ 15 ಎಕರೆ 39 ಗುಂಟೆಗೆ ಮುದ್ರಾಂಕ ಕಾಯಿದೆಯ ಗೈಡೆನ್ಸ್ ವ್ಯಾಲ್ಯೂ ಪ್ರಕಾರ ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಬೇರೆ ಕಡೆ ಕಟ್ಟುವ ಹಕ್ಕು) ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಮೊತ್ತ ಸುಮಾರು 3,000 ಕೋಟಿಗೆ ಹೋಯಿತು. ವಿಧಾನಸೌಧದಲ್ಲಿ ನಿದ್ದೆ ಕೆಟ್ಟಿದ್ದು ಸುಮ್ನೆ ಅಲ್ಲ.

ಮಾರ್ಕೆಟ್ ಬೆಲೆಗೆ ನಮ್ಮ ಕೋರ್ಟುಗಳು ಹಿಡಿದಿರುವ ಅರ್ಥ ಸರಳ: ಮಾರಲೇಬೇಕಾದ ಬಲವಂತ ಇಲ್ಲದವನು, ಕೊಳ್ಳಲೇಬೇಕಾದ ಬಲವಂತ ಇಲ್ಲದವನು ಕೂತು ಮಾತಾಡಿ ಒಪ್ಪುವ ಬೆಲೆ. ಇದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಕೇಸಿದೆ. ವಿಶಾಖಪಟ್ಟಣದಲ್ಲಿ ಬಂದರು ಕಟ್ಟುತ್ತಿದ್ದ ಕಾಲ, ಮಲೇರಿಯಾ ತಡೆಯಲು ಬಂದರಿನ ಹತ್ತಿರದ ಒಂದು ಜಾಗವನ್ನು ಸರ್ಕಾರ ವಶಕ್ಕೆ ತಗೊಂಡಿತು. ಆ ಜಾಗದಲ್ಲಿ ಒಂದು ನೀರಿನ ಬುಗ್ಗೆ. ಮಾಲೀಕರಾದ ವೈರಿಚೆರ್ಲ ನಾರಾಯಣ ಗಜಪತಿರಾಜು ಅವರು, ಬಂದರಿನ ಕಡೆಗೆ ಈ ನೀರು ಬೇಕಾಗುತ್ತದೆ, ಅದಕ್ಕೂ ಬೆಲೆ ಕಟ್ಟಿ ಅಂದರು. ಆ ನೀರನ್ನು ಕೊಳ್ಳಬಹುದಾದವರು ಬಂದರಿನವರು ಬಿಟ್ಟು ಬೇರೆ ಯಾರೂ ಇಲ್ಲವಲ್ಲ ಅನ್ನುವುದು ಎದುರು ವಾದ. 1939ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಗಿರಾಕಿ ಒಬ್ಬನೇ ಇರಲಿ, ಅವನೇ ಜಾಗ ಕಿತ್ತುಕೊಳ್ಳುತ್ತಿರುವವನಾಗಿರಲಿ, ಆ ಉಪಯೋಗಕ್ಕೂ ಬೆಲೆ ಇದೆ ಅಂದಿತು. ಆ ಬುಗ್ಗೆ ಯಾರೂ ಕಟ್ಟಿಸಿದ್ದಲ್ಲ. ಖರ್ಚಿನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

ಖರ್ಚಿನ ಲೆಕ್ಕವನ್ನು ಬೈದಿದ್ದು ಸಾಕು, ಅದೇ ಸರಿಯಾಗುವ ಜಾಗವೂ ಇದೆ. ಶಾಲೆ, ದೇವಸ್ಥಾನ, ನೀರಿನ ಟ್ಯಾಂಕು, ಬಸ್ ಸ್ಟ್ಯಾಂಡು ಇವೆಲ್ಲ ಸಂತೆಯಲ್ಲಿ ಮಾರಾಟ ಆಗುವುದಿಲ್ಲ, ಹೋಲಿಸಲು ಏನೂ ಸಿಗುವುದಿಲ್ಲ. ವಿಧಾನಸೌಧವನ್ನೇ ತಗೊಳ್ಳಿ. 1956ಕ್ಕೆ ಮುಗಿದಾಗ ಸುಮಾರು 1.8 ಕೋಟಿ ಖರ್ಚಾಗಿತ್ತು, ಆ ಖರ್ಚಿಗೆ ಕೆಂಗಲ್ ಹನುಮಂತಯ್ಯನವರು ಬೈಸಿಕೊಂಡರು. ಇವತ್ತು ಅದಕ್ಕೆ ಖರ್ಚಿನ ಲೆಕ್ಕ ಹಾಕುವುದೂ ಸುಲಭವಿಲ್ಲ. ಅದೇ ಕಲ್ಲು, ಅದೇ ಕೆತ್ತನೆ, ಅದೇ ಗುಮ್ಮಟ ಹಾಗೆಯೇ ಮತ್ತೆ ಮಾಡಿಸಿದರೆ ಎಷ್ಟು ಅನ್ನುವುದು ಒಂದು ಲೆಕ್ಕ. ಅಷ್ಟೇ ಜನ ಕೂತು ಕೆಲಸ ಮಾಡುವ ಸಾಧಾರಣ ಕಾಂಕ್ರೀಟ್ ಕಟ್ಟಡ ಎಬ್ಬಿಸಿದರೆ ಎಷ್ಟು ಅನ್ನುವುದು ಇನ್ನೊಂದು. ಎರಡರ ನಡುವೆ ಅಜಗಜಾಂತರ. ಖರ್ಚಿನ ವಿಧಾನ ಅಂದಾಗ ಈ ಎರಡರಲ್ಲಿ ಯಾವುದು ಅಂತ ರಿಪೋರ್ಟಿನಲ್ಲಿ ಬರೆದಿದೆಯಾ ನೋಡಿ, ಹಳೇ ತೊಟ್ಟಿ ಮನೆಗಳಿಗೂ ಇದೇ ಮಾತು.

ಮನೆ ಪಾಲಿನ ವಿಷಯಕ್ಕೆ ಬರುತ್ತೇನೆ, ನನ್ನ ಬಳಿ ಬರುವ ಜಗಳಗಳಲ್ಲಿ ಇದೇ ಜಾಸ್ತಿ. ಅಪ್ಪ ಕಟ್ಟಿಸಿದ ಮನೆ, ಜೊತೆಗಿದ್ದ ಮಗ ಮೇಲೆ ಒಂದು ಮಹಡಿ ಎಬ್ಬಿಸಿದ್ದಾನೆ. ಅಪ್ಪ ಹೋದ ಮೇಲೆ ಅಕ್ಕತಂಗಿಯರು ಪಾಲು ಕೇಳುತ್ತಾರೆ, ಕೇಳಲೇಬೇಕು, 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲೂ ಅವರಿಗೆ ಸಮಪಾಲು. ಮಗ ಅನ್ನುತ್ತಾನೆ, "ಮೇಲಿನದಕ್ಕೆ ನಾನು 35 ಲಕ್ಷ ಹಾಕಿದೀನಿ, ಅದನ್ನ ಕಳೆದು ಉಳಿದಿದ್ದು ಪಾಲು ಮಾಡಿ ಸಾರ್." ಅಕ್ಕ ಅನ್ನುತ್ತಾಳೆ, "ಮಾರ್ಕೆಟ್ಟಲ್ಲಿ ಎಷ್ಟಿದೆಯೋ ಅದರಲ್ಲಿ ಸರಿಯಾಗಿ ಪಾಲು ಬರಲಿ." ಒಬ್ಬ ಖರ್ಚಿನ ಭಾಷೆ, ಒಬ್ಬಳು ಮಾರ್ಕೆಟ್ಟಿನ ಭಾಷೆ. ನಾನು ಮಾಡುವುದು ಇಷ್ಟು: ಮಹಡಿ ಇರುವ ಹಾಗೆ ಒಂದು ಮಾರ್ಕೆಟ್ ಬೆಲೆ, ಮಹಡಿ ಇಲ್ಲದಿದ್ದರೆ ಎಷ್ಟಿರುತ್ತಿತ್ತು ಅಂತ ಇನ್ನೊಂದು. ವ್ಯತ್ಯಾಸ ಏನಿದೆಯೋ ಅದು ಅವನ ದುಡ್ಡು ಹುಟ್ಟಿಸಿದ ಬೆಲೆ. ಬಾಡಿಗೆಗೆ ಬೇಡಿಕೆ ಇರುವ ಬೀದಿಯಾದರೆ ಅದು 35 ಲಕ್ಷ ದಾಟಬಹುದು. ಎಲ್ಲರೂ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಬೀದಿಯಾದರೆ ಐದು ಲಕ್ಷವೂ ಆಗದು. ಆಗ ತಮ್ಮನ ಮುಖ ನೋಡಲು ಆಗುವುದಿಲ್ಲ. ಅಷ್ಟು ವರ್ಷ ಬಾಡಿಗೆ ಇಲ್ಲದೆ ಇದ್ದನಲ್ಲ ಅಂತ ಅಕ್ಕ ಮೆತ್ತಗೆ ಅನ್ನುತ್ತಾಳೆ, ಅಲ್ಲಿಂದ ಮುಂದಿನದು ನನ್ನ ಕೆಲಸವಲ್ಲ, ಚಪ್ಪಲಿ ಹಾಕಿಕೊಳ್ಳುತ್ತೇನೆ.

ಹಳೇ ಮನೆ ಮಾರಿದವರಿಗೆ ಒಂದು ಮಾತು. 2001ರ ಏಪ್ರಿಲ್ 1ಕ್ಕಿಂತ ಮುಂಚೆ ಬಂದ ಆಸ್ತಿಗೆ ಆ ದಿನದ ಮಾರ್ಕೆಟ್ ಬೆಲೆಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕೊಂಡ ಬೆಲೆ ಅಂತ ತೋರಿಸಬಹುದು. ಕೆಲವರು ಇವತ್ತಿನ ರೇಟು ಹಿಡಿದು ಸರ್ಕಾರದ ಹಣದುಬ್ಬರ ಸೂಚ್ಯಂಕದಿಂದ ಹಿಂದಕ್ಕೆ ಭಾಗಿಸಿ 2001ರ ಬೆಲೆ ಕೊಡುತ್ತಾರೆ. ಅದು ಬೆಲೆ ಕಟ್ಟುವುದಲ್ಲ, ಕ್ಯಾಲ್ಕುಲೇಟರ್ ಒತ್ತುವುದು. ಜಾಗದ ರೇಟು ಸೂಚ್ಯಂಕದ ಮಾತು ಕೇಳಿಕೊಂಡು ಏರಿಲ್ಲ. ಮೇಲಾಗಿ ಆ ದಿನದ ಗೈಡೆನ್ಸ್ ವ್ಯಾಲ್ಯೂ ಸಿಗುವ ಕಡೆ ಅದನ್ನು ಮೀರಿ ತೋರಿಸುವ ಹಾಗೂ ಇಲ್ಲ.

ಕೊನೆಯದಾಗಿ ವಿಮೆ, ಯಾಕೆಂದರೆ ಇಲ್ಲಿ ಜನ ಪೂರ್ತಿ ಉಲ್ಟಾ ಮಾಡುತ್ತಾರೆ. ಸಾಲ ಕೊಡುವಾಗ ಎರಡು ಕೋಟಿ ಬೆಲೆಯ ಮನೆ, ಹಾಗಾಗಿ ಎರಡು ಕೋಟಿಗೆ ವಿಮೆ ಅಂತ ಬರೆಸುತ್ತಾರೆ. ಮನೆಗೆ ಬೆಂಕಿ ಬಿದ್ದರೆ ಸೈಟು ಸುಟ್ಟುಹೋಗುತ್ತದಾ? 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮಾರ್ಕೆಟ್ ಬೆಲೆಗೆ ಜಾಗವೇ ಇಲ್ಲ. ಕಾರ್ಪೆಟ್ ಏರಿಯಾವನ್ನು ಇವತ್ತಿನ ಕಟ್ಟುವ ದರದಿಂದ ಗುಣಿಸಿದರೆ ಬರುವುದೇ ವಿಮೆ ಮೊತ್ತ, ಜಾಗಕ್ಕೆ ಒಂದು ರೂಪಾಯಿಯೂ ಇಲ್ಲ. ಹಳೇ ಮನೆ ಅಂತ ಸವಕಳಿಯನ್ನೂ ಕಳೆಯಬೇಡಿ, ಕಟ್ಟುವಾಗ ಹಳೇ ರೇಟಿಗೆ ಇಟ್ಟಿಗೆ ಯಾರೂ ಕೊಡುವುದಿಲ್ಲ. ಮೇಲೆ ಹೇಳಿದ ಸರಸ್ವತಿಪುರದ ಮನೆಗೆ ಬಿಲ್ಡರ್ ಸೊನ್ನೆ ಅಂದ, ನಾನು 8.25 ಲಕ್ಷ ಅಂದೆ, ಆದರೆ ವಿಮೆಗೆ ಬರೆಸಬೇಕಾದದ್ದು ಹೆಚ್ಚುಕಡಿಮೆ ಪೂರ್ತಿ ಕಟ್ಟುವ ಖರ್ಚು. ಫಾರ್ಮಿನಲ್ಲಿ ಅಳತೆ ಚದರ ಮೀಟರಿನಲ್ಲಿ ಕೇಳುತ್ತಾರೆ, ಚದರ ಅಡಿಯನ್ನು 10.76ರಿಂದ ಭಾಗಿಸಿ ತುಂಬಿಸಿ. ದರವೂ ಮೀಟರಿನ ಲೆಕ್ಕದಲ್ಲೇ ಇದೆಯಾ ಅಂತ ನೋಡಿಕೊಳ್ಳಿ.